ಬಿಕ್ರಿವಾಲನ ಹಿಂದೆ ಹೋದ ಒಂದು ದಿನ



ಮಧ್ಯಾಹ್ನದ ಊಟ ಮುಗಿದು ಪಾಡಾಕ್ಕೆ ಪಾಡಾವೇ ನಿದ್ದೆಗೆ ಜಾರುವ ಹೊತ್ತಿನಲ್ಲಿ, ಗಲ್ಲಿಯ ಆ ತುದಿಯಿಂದ ರಾಗವಾಗಿ ಒಂದು ಕೂಗು ಎದ್ದು ಬರುವುದನ್ನು ನೀವೆಲ್ಲ ಕೇಳಿದ್ದೀರಿ. ‘ಬಿಕ್ರೀ... ಪುರೋನೋ ಕಾಗೋಜ್, ಶಿಶಿ-ಬೋತೋಲ್, ಲೋಹಾ ಭಾಂಗಾ, ಟಿನ್ ಭಾಂಗಾ, ಬಿಕ್ರೀ...’ ಈ ಊರಿನಲ್ಲೇ ಹುಟ್ಟಿ ಬೆಳೆದ ನಿಮಗೆ ಅದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ಆದರೆ 1986ರಲ್ಲಿ ಮದುವೆಯಾಗಿ ಮಲೆನಾಡಿನಿಂದ ಬಂದಿಳಿದ ನನಗೆ, ಇಲ್ಲಿ ಯಾರ ಸಹಾಯವೂ ಇಲ್ಲದೆ ಮೊದಲು ಅರ್ಥವಾದ ಬಂಗಾಳಿ ಮಾತೇ ಅದು. ‘ಬಿಕ್ರಿ’ ಎಂದರೆ ನಮ್ಮ ‘ಬಿಕರಿ’ ತಾನೇ! ಎರಡೂ ‘ವಿಕ್ರಯ’ ಎಂಬ ಒಂದೇ ತಾಯಿಯ ಮಕ್ಕಳು. ಭಾಷೆ ಬಾರದ ಊರಿನಲ್ಲಿ, ಲೇಕ್ ಮಾರ್ಕೆಟ್ಟಿನ ಹತ್ತಿರದ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನಿಂತು ಆ ಕೂಗು ಕೇಳಿದಾಗ, ತವರಿನ ಯಾರೋ ಮಾತಾಡಿಸಿದ ಹಾಗಾಗಿತ್ತು. ಊರಲ್ಲಿ ಗುಜರಿಯವನು ‘ಹಳೇ ಪೇಪರ್, ಹಳೇ ಕಬ್ಬಿಣ, ಖಾಲಿ ಬಾಟ್ಲೀ’ ಎಂದು ಸೈಕಲ್ಲಿನಲ್ಲಿ ಬರುತ್ತಿದ್ದ. ಇಲ್ಲಿ ಬಿಕ್ರಿವಾಲ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ನಡೆದು ಬರುತ್ತಾನೆ. ವ್ಯತ್ಯಾಸ ಅಷ್ಟೇ.

ನಮ್ಮ ಸಂಪಾದಕರು ‘ಯುವಕರಿಗಾಗಿ ಕಲ್ಕತ್ತೆಯ ಒಂದು ಸ್ಥಳದ ಬಗ್ಗೆ ಬರೆದುಕೊಡಿ’ ಎಂದಾಗ ನಾನು ಸ್ವಲ್ಪ ಯೋಚನೆಗೆ ಬಿದ್ದೆ. (2001ರಲ್ಲೇ ಈ ಊರು ಕೋಲ್ಕತ್ತ ಆಯಿತು, ಗೊತ್ತು. ನನ್ನ ಬಾಯಿಗೆ ಮಾತ್ರ ಇನ್ನೂ ಕಲ್ಕತ್ತೆಯೇ. ಕ್ಷಮಿಸಿ.) ವಿಕ್ಟೋರಿಯಾ ಮೆಮೋರಿಯಲ್, ಹೌರಾ ಸೇತುವೆ, ದಕ್ಷಿಣೇಶ್ವರ, ಬೇಲೂರು ಮಠ ಇವುಗಳ ಬಗ್ಗೆ ಹಿಂದಿನ ಸಂಚಿಕೆಗಳಲ್ಲಿ ಹಿರಿಯರು ಬೇಕಾದಷ್ಟು ಬರೆದಿದ್ದಾರೆ. ಹಾಗಾಗಿ ನೀವು ಯಾರೂ ಹೋಗಿರದ, ಆದರೆ ನಿಮ್ಮ ಮನೆಯಿಂದ ಪ್ರತಿದಿನ ಏನಾದರೊಂದು ಹೋಗುತ್ತಲೇ ಇರುವ ಒಂದು ದಾರಿಯ ಬಗ್ಗೆ ಬರೆಯುತ್ತೇನೆ. ನೀರಿನ ಖಾಲಿ ಬಾಟಲಿ, ಐದು ಲೀಟರಿನ ಎಣ್ಣೆ ಕ್ಯಾನು, ಫಿನಾಯಿಲ್ ಡಬ್ಬ, ಶಾಂಪೂ ಶೀಶೆ, ಇವೆಲ್ಲ ಹೋಗುವ ದಾರಿ.

ಮೊದಲು ಈ ಪ್ರಯಾಣಕ್ಕೆ ಕಾರಣವಾದ ನನ್ನ ತಪ್ಪನ್ನು ಹೇಳಿಬಿಡಬೇಕು.

ನಮ್ಮ ಮನೆಗೆ ಬರುವ ಬಿಕ್ರಿವಾಲ ಒಬ್ಬನೇ, ಮೂವತ್ತು ವರ್ಷದ ಮೇಲಾಯಿತು. ಮೊದಲು ಬಂದಾಗ ಮೀಸೆ ಇನ್ನೂ ಸರಿಯಾಗಿ ಮೂಡಿರದ ಹುಡುಗ; ನನ್ನನ್ನು ‘ಬೌದಿ’ ಎನ್ನುತ್ತಿದ್ದ. ನನ್ನ ಕೂದಲು ನೆರೆತ ಮೇಲೆ ಯಾವಾಗಲೋ ‘ಮಾಶಿಮಾ’ ಆದೆ. ಆತನ ಕೈಯ ತಕ್ಕಡಿಯ ಮೇಲೆ ನನಗೆ ಮೊದಲಿನಿಂದಲೂ ಸಂಶಯವಿತ್ತು. ಎಷ್ಟು ಪತ್ರಿಕೆ ಪೇರಿಸಿಟ್ಟರೂ ನಾಲ್ಕು ಕಿಲೋ ದಾಟುತ್ತಿರಲಿಲ್ಲ! ಆದರೂ ಆ ಜಗಳ, ಚೌಕಾಸಿ, ನಡುವೆ ಒಂದು ಲೋಟ ನೀರು, ‘ಮಕ್ಕಳು ಹೇಗಿದ್ದಾರೆ’ ಎಂಬ ವಿಚಾರಣೆ, ಎಲ್ಲ ಸೇರಿ ತಿಂಗಳಿಗೊಂದು ಹಬ್ಬದ ಹಾಗೆ ನಡೆದುಕೊಂಡು ಬಂದಿತ್ತು.

ಕೆಲವು ವರ್ಷಗಳ ಹಿಂದೆ ಮನೆಮನೆಗೆ ಹಸಿರು ಮತ್ತು ನೀಲಿ ಎರಡು ಬಕೆಟ್ಟುಗಳು ಬಂದವಲ್ಲ, ಹಸಿರಿಗೆ ಅಡುಗೆಮನೆಯ ಹಸಿಕಸ, ನೀಲಿಗೆ ಒಣಕಸ ಎಂದು. ನನಗೆ ಭಾರೀ ಉತ್ಸಾಹ. ಬೆಳಿಗ್ಗೆ ಗಾಡಿಯವನು ಸೀಟಿ ಊದುವ ಮೊದಲೇ ಎರಡೂ ಬಕೆಟ್ ಬಾಗಿಲಲ್ಲಿ. ಬಾಟಲಿ, ಕ್ಯಾನು, ಮಾತ್ರೆಯ ಹಾಳೆ, ಒಡೆದ ಗಾಜಿನ ಲೋಟ, ಚಿಪ್ಸಿನ ಪೊಟ್ಟಣ, ಹಸಿಯಲ್ಲದ್ದೆಲ್ಲ ಒಟ್ಟಿಗೆ ನೀಲಿಗೆ. ಬಿಕ್ರಿವಾಲ ಕೂಗಿದರೆ ‘ಕಿಛು ನೇಯಿ’ ಎಂದು ಬಾಲ್ಕನಿಯಿಂದಲೇ ಕೈಯಾಡಿಸಿ ಒಳಗೆ ಬರುತ್ತಿದ್ದೆ. ಮೂರು ತಿಂಗಳು ಹೀಗೇ ಹೋಯಿತು. ನಾಲ್ಕನೆಯ ತಿಂಗಳು ಆತ ಕೂಗಲಿಲ್ಲ. ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದ. ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಆತು ನಿಂತು, ‘ಮಾಶಿಮಾ, ಆಮಾರ್ ಕೋನೋ ಭೂಲ್ ಹೋಯೇಛೇ?’ ಎಂದು ಕೇಳಿದ. ನನ್ನಿಂದ ಏನಾದರೂ ತಪ್ಪಾಯಿತಾ?

ತಕ್ಕಡಿಯ ವಿಷಯ ನೆನಪಾಗಿ ಆತ ಹಾಗೆ ಕೇಳಿದನೋ ಏನೋ. ನನಗೆ ಮಾತ್ರ ಏನು ಹೇಳಬೇಕೆಂದೇ ತೋಚಲಿಲ್ಲ. ನಾನು ಕಸ ಬೇರೆ ಮಾಡಿ ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ; ಅದರಲ್ಲಿ ಒಬ್ಬನ ಅನ್ನ ಇತ್ತು ಎಂಬುದು ಮನಸ್ಸಿಗೆ ಬಂದೇ ಇರಲಿಲ್ಲ. ಕೊನೆಗೆ, ‘ಇದೆಲ್ಲ ಎಲ್ಲಿಗೆ ಹೋಗುತ್ತದೆ, ನನಗೆ ಒಂದು ಸಲ ತೋರಿಸು’ ಎಂದೆ. ‘ಅಲ್ಲಿ ನಾತ ಇರುತ್ತದೆ ಮಾಶಿಮಾ’ ಎಂದು ನಕ್ಕ. ಆದರೂ ಒಪ್ಪಿಕೊಂಡ.

ಜನವರಿಯ ಒಂದು ಬೆಳಿಗ್ಗೆ ಹೊರಟೆವು. ಜೊತೆಗೆ ನನ್ನ ತಂಗಿಯ ಮಗನೂ ಇದ್ದ. ಬೆಂಗಳೂರಿನಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದುತ್ತಿರುವವನು, ರಜೆಗೆಂದು ಬಂದಿದ್ದ. ‘ದೊಡ್ಡಮ್ಮ, ಎಲ್ಲರೂ ಮಲ್ಲಿಕ್ ಘಾಟಿನ ಹೂವಿನ ಮಾರುಕಟ್ಟೆ ತೋರಿಸಿದರೆ ನೀವು ಗುಜರಿ ತೋರಿಸುತ್ತೀರಾ?’ ಎಂದು ಗೊಣಗುತ್ತಲೇ ಬಂದ. ಈ ಲೇಖನದಲ್ಲಿ ವಿಜ್ಞಾನದ ಮಾತು ಬಂದಲ್ಲೆಲ್ಲ ಅವನು ಹೇಳಿಕೊಟ್ಟದ್ದು ಎಂದು ತಿಳಿಯಿರಿ. ನಾನು ಓದಿದ್ದು ಬಿ.ಎ., ಅದೂ ಇತಿಹಾಸ.

ಪಾರ್ಕ್ ಸರ್ಕಸ್ಸಿನ 4ನೇ ನಂಬರ್ ಸೇತುವೆ ದಾಟಿದರೆ ಕಲ್ಕತ್ತೆಯ ಮುಖವೇ ಬೇರೆ. ತೋಪ್ಸಿಯಾ, ತಿಲ್ಜಲಾ, ಅದರಾಚೆ ತಾಂಗ್ರಾ. ಚೀನೀ ಊಟಕ್ಕೆಂದು ನೀವು ತಾಂಗ್ರಾಕ್ಕೆ ಹೋಗಿರಬಹುದು. ಒಂದು ಕಾಲಕ್ಕೆ ಅಲ್ಲೆಲ್ಲ ಚೀನೀ ಮನೆತನಗಳ ಚರ್ಮ ಹದ ಮಾಡುವ ಕಾರ್ಖಾನೆಗಳಿದ್ದವು. 1996ರಲ್ಲಿ ಸುಪ್ರೀಂ ಕೋರ್ಟು ಈ ಭಾಗದ ಚರ್ಮದ ಕಾರ್ಖಾನೆಗಳು ಊರ ಹೊರಗೆ ಹೋಗಬೇಕೆಂದು ತೀರ್ಪು ಕೊಟ್ಟ ಮೇಲೆ ಹಲವು ಬಾನ್ತಲಾಕ್ಕೆ ಹೋದವು. ಇಲ್ಲಿನ ಗಲ್ಲಿಗಳಲ್ಲಿ ಚರ್ಮದ ವಾಸನೆಯ ಜೊತೆ ಈಗ ಕಾಯಿಸಿದ ಪ್ಲಾಸ್ಟಿಕ್ಕಿನ ವಾಸನೆಯೂ ಬೆರೆತಿದೆ.

ನಮ್ಮ ಬಿಕ್ರಿವಾಲನ ‘ಮಹಾಜನ’ನ ಗೋದಾಮು ತೋಪ್ಸಿಯಾದ ಒಂದು ಓಣಿಯಲ್ಲಿ. ತಗಡಿನ ಮಾಡು, ಒಳಗೆ ಹೋಗಲು ಜಾಗವೇ ಇಲ್ಲದಂತೆ ಚೀಲಗಳ ರಾಶಿ. ಬೆಳಿಗ್ಗೆ ಮಹಾಜನನ ಹತ್ತಿರ ಮುಂಗಡ ಹಣ ಮತ್ತು ತಕ್ಕಡಿ ತೆಗೆದುಕೊಂಡು ಹೊರಡುವುದು, ಊರೆಲ್ಲ ನಡೆದು ಕೊಂಡದ್ದನ್ನು ಸಂಜೆ ಅವನಿಗೇ, ಅವನು ಹೇಳಿದ ದರಕ್ಕೇ ಹಾಕುವುದು, ಮುಂಗಡ ಮುರಿದು ಉಳಿದದ್ದು ತನ್ನದು. ಇಷ್ಟು ಆತನ ದಿನಚರಿ. ನಾನು ಮೆಲ್ಲಗೆ ಕೇಳಿದೆ, ‘ಇಲ್ಲಿಯ ತಕ್ಕಡಿ ಹೇಗೆ?’ ಆತ ಅತ್ತಿತ್ತ ನೋಡಿ, ‘ಮಾಶಿಮಾ, ನಿಮ್ಮ ಹತ್ತಿರ ನನ್ನ ತಕ್ಕಡಿ ಹೇಗೋ, ನನ್ನ ಹತ್ತಿರ ಇವರ ತಕ್ಕಡಿಯೂ ಹಾಗೇ’ ಎಂದ. ಮೂವತ್ತು ವರ್ಷದ ಸಂಶಯ ಅಂತೂ ಅಲ್ಲಿ ಬಗೆಹರಿಯಿತು. ಇಬ್ಬರೂ ನಕ್ಕೆವು.

ಒಂದು ಲೀಟರಿನ ನೀರಿನ ಬಾಟಲಿ ಎಷ್ಟು ತೂಗುತ್ತದೆ ಗೊತ್ತೇ? ಇಪ್ಪತ್ತು ಇಪ್ಪತ್ತೈದು ಗ್ರಾಂ. ಹಿಂದೆ ಇನ್ನೂ ದಪ್ಪಗಿದ್ದವು. ಕಂಪನಿಗಳು ವರ್ಷದಿಂದ ವರ್ಷಕ್ಕೆ ತೆಳ್ಳಗೆ ಮಾಡುತ್ತಾ ಬಂದಿವೆ. ಹಾಗಾಗಿ ಒಂದು ಕಿಲೋ ಆಗಬೇಕಾದರೆ ನಲವತ್ತು ಬಾಟಲಿಯಾದರೂ ಬೇಕು. ಕಂಪನಿಗೆ ಅದು ಉಳಿತಾಯ, ಬಿಕ್ರಿವಾಲನಿಗೆ ಅಷ್ಟೇ ದುಡ್ಡಿಗೆ ಇನ್ನೂ ನಾಲ್ಕು ಮಹಡಿ ಹೆಚ್ಚಿಗೆ ಹತ್ತುವ ಕೆಲಸ. ಇದನ್ನು ಯಾವ ಜಾಹೀರಾತಿನಲ್ಲೂ ಹೇಳುವುದಿಲ್ಲ.

ಗೋದಾಮಿನ ಹಿಂಭಾಗದಲ್ಲಿ ಏಳೆಂಟು ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಸುತ್ತಲೂ ಐದಾರು ಬುಟ್ಟಿ. ಮಧ್ಯದ ರಾಶಿಯಿಂದ ಒಂದೊಂದೇ ಎತ್ತುವುದು, ಒಂದು ಸಲ ಹಿಸುಕುವುದು, ಎಸೆಯುವುದು. ನೋಡುವಷ್ಟರಲ್ಲಿ ಮುಗಿದಿರುತ್ತದೆ. ಸಂತೆಯಲ್ಲಿ ನಮ್ಮಮ್ಮ ಬದನೆಕಾಯಿ ಆರಿಸುವಾಗಲೂ ಹೀಗೇ, ಕಣ್ಣು ಎಲ್ಲೋ, ಕೈ ತನ್ನ ಪಾಡಿಗೆ ತಾನು. ನನ್ನ ತಂಗಿಯ ಮಗ ಮೊದಲ ಬಾರಿಗೆ ಗೊಣಗುವುದು ಬಿಟ್ಟು ಕುಕ್ಕರಗಾಲಲ್ಲಿ ಕೂತ.

ಬಾಟಲಿಯ ತಳದಲ್ಲಿ ಸಣ್ಣ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ, ನೋಡಿದ್ದೀರಾ? 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಮಾಡಿದ ಏರ್ಪಾಡು ಅದು. 1 ಎಂದರೆ ಪೆಟ್, ಅಂದರೆ ನೀರಿನ, ತಂಪು ಪಾನೀಯದ ಬಾಟಲಿ. 2 ಎಂದರೆ ಹೆಚ್‌ಡಿಪಿಇ, ಹಾಲುಬಣ್ಣದ ಗಟ್ಟಿ ಕ್ಯಾನು, ಫಿನಾಯಿಲ್ ಡಬ್ಬ. 5 ಎಂದರೆ ಪಾಲಿಪ್ರೊಪಿಲೀನ್, ಕೆಲವು ಮುಚ್ಚಳಗಳು, ಊಟ ತರಿಸಿದಾಗ ಬರುವ ಡಬ್ಬಿಗಳು. ಆ ಹೆಂಗಸರಲ್ಲಿ ಒಬ್ಬರೂ ಅಂಕಿ ನೋಡುತ್ತಿರಲಿಲ್ಲ. ಹಿಸುಕಿದಾಗ ಚರಚರ ಎಂದರೆ ಪೆಟ್. ಮೆತ್ತಗೆ ಒಳಗೆ ಹೋಗಿ ಮತ್ತೆ ಉಬ್ಬಿದರೆ ‘ಬ್ಲೋ’. ಗಾಳಿ ಊದಿ ಮಾಡಿದ್ದಾದ್ದರಿಂದ ಕ್ಯಾನಿಗೆ ಗುಜರಿಯವರಿಟ್ಟ ಹೆಸರು ಅದು. ಚಟಕ್ಕನೆ ಮುರಿದರೆ ‘ಕಡಕ್’. ಅನುಮಾನ ಬಂದರೆ ತುದಿಗೆ ಬೆಂಕಿಕಡ್ಡಿ ಹಿಡಿದು ಮೂಸಿ ನೋಡುತ್ತಾರೆ. ಮೇಣದಬತ್ತಿಯ ವಾಸನೆ ಬಂದರೆ ಹೆಚ್‌ಡಿಪಿಇಯ ಜಾತಿ, ಮೂಗು ಸುಡುವ ಘಾಟು ಬಂದರೆ ಪಿವಿಸಿ. ಇದೊಂದು ಮಾತ್ರ ನೋಡಲಾಗಲಿಲ್ಲ. ದಿನವಿಡೀ ಆ ಹೊಗೆ ಕುಡಿದ ಎದೆ ಏನಾದೀತು?

ಪಿವಿಸಿಯನ್ನು ಅಷ್ಟು ಜಾಗರೂಕತೆಯಿಂದ ಹುಡುಕುವುದಕ್ಕೆ ಕಾರಣವಿದೆ. ಪೆಟ್ ಕರಗಲು ಸುಮಾರು 250 ಡಿಗ್ರಿ ಶಾಖ ಬೇಕು. ಪಿವಿಸಿ ಅದಕ್ಕಿಂತ ಬಹಳ ಮೊದಲೇ ಕೊಳೆತು ಆಮ್ಲ ಬಿಡುತ್ತದೆ. ನಾಲ್ಕು ಚೂರು ಸೇರಿಕೊಂಡರೆ ಸಾಕು, ಇಡೀ ಪಾಕ ಹಳದಿಯಾಗಿ ಕೆಡುತ್ತದೆ. ಒಂದು ಕೊಡ ಹಾಲಿಗೆ ಒಂದು ತೊಟ್ಟು ಹುಳಿ ಎಂದುಕೊಳ್ಳಿ.

ಅಲ್ಲಿಂದ ತಾಂಗ್ರಾದ ಒಂದು ಶೆಡ್ಡಿಗೆ ಹೋದೆವು. ಆರಿಸಿದ ಮಾಲು ಇಲ್ಲಿ ಚೂರಾಗುತ್ತದೆ. ಯಂತ್ರದ ಗದ್ದಲಕ್ಕೆ ಮಾತೇ ಕೇಳಿಸದು. ಚೂರುಗಳನ್ನು ದೊಡ್ಡ ನೀರಿನ ತೊಟ್ಟಿಗೆ ಸುರಿಯುತ್ತಾರೆ. ಆಗ ಆದದ್ದನ್ನು ನೋಡಿ ನಮ್ಮ ಹುಡುಗ ಕುಣಿದಾಡಿದ! ಬಾಟಲಿಯ ಚೂರೆಲ್ಲ ತಳಕ್ಕೆ ಹೋಯಿತು, ಮುಚ್ಚಳದ ನೀಲಿ, ಕೆಂಪು ಚೂರೆಲ್ಲ ಮೇಲೆ ತೇಲಿತು. ಪೆಟ್ ನೀರಿಗಿಂತ ಸುಮಾರು 1.38 ಪಟ್ಟು ಭಾರ, ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ. ‘ದೊಡ್ಡಮ್ಮ, ಇದನ್ನು ನಮಗೆ ಎರಡನೇ ಸೆಮಿಸ್ಟರಿನಲ್ಲಿ ಬೋರ್ಡಿನ ಮೇಲೆ ಬರೆದು ಹೇಳಿದ್ದರು’ ಎಂದ. ತೇಲಿದ್ದನ್ನು ಜಾಲರಿಯಲ್ಲಿ ಬಾಚಿ ತೆಗೆದರು, ನಾವು ಕಡಬು ಬೇಯಿಸುವಾಗ ಜಾಲರಿ ಸೌಟಿನಲ್ಲಿ ಎತ್ತುವ ಹಾಗೆ. ಆಮೇಲೆ ಬಿಸಿನೀರು, ಕಾಸ್ಟಿಕ್ ಸೋಡಾ ಹಾಕಿ ತೊಳೆದು ಒಣಗಿಸಿ ಮೂಟೆ ಕಟ್ಟುತ್ತಾರೆ. ಕ್ಯಾನಿನ ಚೂರು ಕರಗಿ ಶ್ಯಾವಿಗೆಯಂತೆ ಎಳೆಯೆಳೆಯಾಗಿ ಬಂದು, ಕತ್ತರಿಸಿಕೊಂಡು ಸಣ್ಣ ಕಾಳುಗಳಾಗುತ್ತದೆ. ಅದಕ್ಕೆ ‘ದಾನಾ’ ಎನ್ನುತ್ತಾರೆ. ದಾನಾದಿಂದ ಬಕೆಟ್ಟು, ಮಗ್ಗು, ಪೈಪು. ಬಣ್ಣ ಬಣ್ಣದ್ದು ಬೆರೆತರೆ ಕೊನೆಗೆ ಕಪ್ಪೊಂದೇ ಗತಿ. ಬೀದಿಯಲ್ಲಿ ಅಗ್ಗಕ್ಕೆ ಸಿಗುವ ಕಪ್ಪು ತೊಟ್ಟಿಗಳ ಪೂರ್ವಜನ್ಮ ಅದು.

ಪೆಟ್ ಬಾಟಲಿಗೆ 1973ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಡ್ಯೂಪಾಂಟ್ ಕಂಪನಿಯ ನಥಾನಿಯಲ್ ವೈಯೆತ್. ಪ್ರಸಿದ್ಧ ಚಿತ್ರಕಾರ ಆಂಡ್ರ್ಯೂ ವೈಯೆತ್‌ರ ಅಣ್ಣ. ವಸ್ತು ಮಾತ್ರ ನಮ್ಮ ಪಾಲಿಯೆಸ್ಟರ್ ಸೀರೆಯದೇ. ಅದಕ್ಕೇ ಬಾಟಲಿಯ ಚೂರು ಹೆಚ್ಚಾಗಿ ನೂಲಾಗುತ್ತದೆ, ದಿಂಬಿನ ಹತ್ತಿಯಾಗುತ್ತದೆ. 2015ರ ವಿಶ್ವಕಪ್ ಕ್ರಿಕೆಟ್ಟಿನಲ್ಲಿ ನಮ್ಮ ತಂಡ ತೊಟ್ಟಿದ್ದ ನೀಲಿ ಉಡುಪು ನೆನಪಿದೆಯೇ? ಒಂದೊಂದಕ್ಕೂ ಸರಾಸರಿ 33 ಬಾಟಲಿ ಹಿಡಿದಿತ್ತೆಂದು ಅದನ್ನು ತಯಾರಿಸಿದ ಕಂಪನಿಯೇ ಹೇಳಿತ್ತು.

ಇಷ್ಟರವರೆಗೆ ಹೇಳಿದ್ದು ಬಾಟಲಿಯ ಒಳ್ಳೆಯ ದಾರಿ. ಇನ್ನೊಂದು ದಾರಿಯೂ ಇದೆ. ಬೈಪಾಸಿಗೆ ಬಂದು ಸೈನ್ಸ್ ಸಿಟಿಯ ಹತ್ತಿರ ನಿಂತರೆ ಪೂರ್ವಕ್ಕೆ ಬೂದುಬಣ್ಣದ ಒಂದು ಗುಡ್ಡ ಕಾಣುತ್ತದೆ. ಸಮತಟ್ಟಾದ ಈ ಬಂಗಾಳದಲ್ಲಿ ಗುಡ್ಡ ಎಲ್ಲಿಂದ ಬರಬೇಕು? ಅದು ಧಾಪಾ. ಕಲ್ಕತ್ತೆಯ ಕಸ 19ನೇ ಶತಮಾನದಿಂದ ಹೋಗಿ ಬೀಳುತ್ತಿರುವ ಜಾಗ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ನಾನು ಓದಿದ ಇತಿಹಾಸಕ್ಕೆ ಸೇರಿದ ವಿಷಯ. ಕಲ್ಕತ್ತೆಯ ಚರಂಡಿ ನೀರು ಗಂಗೆಗೆ ಹೋಗುತ್ತದೆಂದು ನಾನೂ ಬಹುಕಾಲ ನಂಬಿದ್ದೆ. ಆದರೆ ಈ ಊರಿನ ನೆಲ ಹೂಗ್ಲಿ ನದಿಯ ದಂಡೆಯಲ್ಲಿ ಎತ್ತರ, ಪೂರ್ವಕ್ಕೆ ಇಳಿಜಾರು. ಹೀಗಾಗಿ ಊರಿನ ಕೊಳಚೆ ಬಹುಪಾಲು ಪೂರ್ವದ ಜೌಗುನೆಲಕ್ಕೆ ಹರಿಯುತ್ತದೆ. ಅಲ್ಲಿನ ಬೆಸ್ತರು ಆ ನೀರನ್ನು ತೆಳುವಾಗಿ, ವಿಶಾಲವಾದ ಕೆರೆಗಳಿಗೆ ಬಿಟ್ಟುಕೊಂಡು, ಬಿಸಿಲಿಗೆ ಪಾಚಿ ಬೆಳೆಯಲು ಬಿಟ್ಟು, ಅದರಲ್ಲಿ ರೋಹು, ಕಾಟ್ಲಾ ಸಾಕುವ ವಿದ್ಯೆ ಕಲಿತರು. ಧಾಪಾದ ಕಸದ ಮೇಲೆ ರೈತರು ಹೂಕೋಸು, ಸೊಪ್ಪು ಬೆಳೆದರು. ಯಾವ ಇಂಜಿನಿಯರನೂ ಕಾಗದದ ಮೇಲೆ ಬರೆಯದ ಏರ್ಪಾಡು ಇದು. 1980ರ ದಶಕದಲ್ಲಿ ಸರಕಾರಿ ಇಂಜಿನಿಯರ್ ಧ್ರುಬಜ್ಯೋತಿ ಘೋಷ್ ಎಂಬವರು, ಊರಿನ ಕೊಳಚೆ ನೀರು ಏನಾಗುತ್ತದೆಂದು ಹುಡುಕುತ್ತಾ ಇಲ್ಲಿಗೆ ಬಂದು, ಇದರ ಬೆಲೆಯನ್ನು ಜಗತ್ತಿಗೆ ತಿಳಿಸಿದರು. 1990ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಗ್ಲೋಬಲ್ 500 ಪುರಸ್ಕಾರ ಬಂತು. 2002ರಲ್ಲಿ ಸುಮಾರು 12,500 ಹೆಕ್ಟೇರಿನ ಈ ಜೌಗುಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಘೋಷರು 2018ರಲ್ಲಿ ತೀರಿಕೊಂಡರು. ನಮ್ಮ ಮನೆಗೆ ಮೀನು ಬರುವುದಿಲ್ಲ. ಕರಾವಳಿಯ ಮನೆತನದ ನಿಮ್ಮಲ್ಲಿ ಹಲವರ ತಟ್ಟೆಗೆ ಈ ಕೆರೆಯ ಮೀನು ಬಂದಿರುತ್ತದೆ. (ಸಸ್ಯಾಹಾರಿ ಮನೆಗಳಲ್ಲೂ ಮಾಛ್-ಭಾತ್ ಗುಟ್ಟಾಗಿ ನಡೆಯುತ್ತದೆಂದು ಗೊತ್ತು, ಹೆಸರು ಹೇಳುವುದಿಲ್ಲ!) ಚಳಿಗಾಲದ ಹೂಕೋಸನ್ನಂತೂ ನಾವೆಲ್ಲ ತಿಂದವರೇ.

ಊರು ಹೊರಗೆ ಹಾಕಿದ್ದನ್ನು ಈ ನೆಲ ಹೀಗೆ ತಿಂದು ಅರಗಿಸಿ ಊಟವಾಗಿ ವಾಪಸ್ಸು ಕೊಡುತ್ತಿತ್ತು. ಪ್ಲಾಸ್ಟಿಕ್ ಬಂದಾಗ ಆ ಲೆಕ್ಕ ತಪ್ಪಿತು. ಪಾಚಿಗೂ ಮೀನಿಗೂ ಬೇಡ, ಹೂಕೋಸಿಗೂ ಬೇಡ. ಅದನ್ನು ವಾಪಸ್ಸು ತೆಗೆಯಲು ಮನುಷ್ಯನ ಕೈಯೇ ಬೇಕು. ಕಸದ ಲಾರಿ ಬಂದು ಸುರಿದ ಕೂಡಲೇ ಕೊಕ್ಕೆ ಹಿಡಿದು ಓಡಿ ಬರುವವರನ್ನು ನಾವು ದೂರದಿಂದ, ರಸ್ತೆಯಂಚಿನಿಂದಲೇ ನೋಡಿದೆವು. ಮೇಲೆ ಹದ್ದುಗಳ ಸುತ್ತಾಟ, ಕೆಳಗೆ ಹಂದಿ, ದನ, ನಡುವೆ ಸೀರೆಯ ಸೆರಗನ್ನು ಮೂಗಿಗೆ ಬಿಗಿದುಕೊಂಡ ಹೆಂಗಸರು. ರಸ್ತೆಗೆ ಬಂದ ಒಬ್ಬಾಕೆಯ ಚೀಲದಲ್ಲಿ ನಮ್ಮ ಮನೆಯಲ್ಲಿ ತರುವಂಥದೇ ಐದು ಲೀಟರಿನ ಎಣ್ಣೆ ಕ್ಯಾನು. ಅದರೊಳಗೆ ಯಾರೋ ಅನ್ನ, ಮೀನಿನ ಮುಳ್ಳು ತುಂಬಿ ಎಸೆದಿದ್ದರು. ಆಕೆ ಕೋಲು ಹಾಕಿ ಅದನ್ನು ಹೊರಗೆ ತೆಗೆಯುತ್ತಿದ್ದಳು. ಅಂಗೈಯಲ್ಲಿ ಉದ್ದಕ್ಕೆ ಒಂದು ಗಾಯ, ಅದಕ್ಕೆ ಸುತ್ತಿದ ಬಟ್ಟೆಯೂ ಕೊಳೆ. ಏನಾಯಿತು ಎಂದು ಬಿಕ್ರಿವಾಲ ಕೇಳಿದ. ‘ಕಾಚ್’ ಎಂದಳು. ಗಾಜು.

ನನ್ನ ನೀಲಿ ಬಕೆಟ್ಟಿಗೆ ಹಾಕಿದ ಒಡೆದ ಲೋಟ ನೆನಪಾಯಿತು. ಅದೇ ಗಾಜು ಎಂದು ಹೇಳುತ್ತಿಲ್ಲ. ಆದರೆ ಅಂಥದೇ ಒಂದು ಮನೆಯದು, ಅಲ್ಲವೇ?

‘ಇದನ್ನೂ ಮಹಾಜನ ತೆಗೆದುಕೊಳ್ಳುತ್ತಾನಾ?’ ಎಂದು ಕೇಳಿದೆ. ‘ತೆಗೆದುಕೊಳ್ಳುತ್ತಾನೆ. ಆದರೆ ನಿಮ್ಮ ಮನೆಯಿಂದ ಒಯ್ದದ್ದಕ್ಕೆ ಕೊಡುವ ದರ ಇದಕ್ಕೆಲ್ಲಿ? ಇದು ಧಾಪಾ ಮಾಲು’ ಎಂದ. ಕ್ಯಾನು ಅದೇ, ಅಂಗಡಿ ಅದೇ. ಒಂದು ನಮ್ಮ ಅಡುಗೆಮನೆಯಲ್ಲಿ ತೊಳೆಸಿಕೊಂಡು ಹೋದದ್ದು, ಇನ್ನೊಂದು ಮೀನಿನ ಮುಳ್ಳು ತುಂಬಿಕೊಂಡು ಹೋದದ್ದು. ಎರಡರ ದರದ ನಡುವಿನ ವ್ಯತ್ಯಾಸವನ್ನು ಆ ಗಾಯದ ಕೈ ತುಂಬಿಕೊಡುತ್ತದೆ.

ವಾಪಸ್ಸು ಬರುವಾಗ ನನ್ನ ತಂಗಿಯ ಮಗ ಬೆಂಗಳೂರಿನ ಸುದ್ದಿ ಹೇಳಿದ. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ, ಮಂಡೂರಿನವರೂ ಇನ್ನು ನಮ್ಮೂರಿಗೆ ಕಸ ಬೇಡವೆಂದು ಎದ್ದು ನಿಂತಾಗ, ಬೆಂಗಳೂರಿನ ಬೀದಿಗಳು ನಾರಿದವಂತೆ. ಆ ಸಂಕಟದಿಂದ ಒಂದು ಒಳ್ಳೆಯದೂ ಆಯಿತು: ವಾರ್ಡುಗಳಲ್ಲಿ ಒಣಕಸದ ಕೇಂದ್ರಗಳು ಬಂದವು, ಕಸ ಆಯುವವರಿಗೆ ಬಿಬಿಎಂಪಿಯ ಗುರುತಿನ ಚೀಟಿ ಸಿಕ್ಕಿತು, ‘ಹಸಿರು ದಳ’ದಂಥ ಸಂಸ್ಥೆಗಳ ಮೂಲಕ ಕೆಲವು ಕೇಂದ್ರಗಳನ್ನು ಅವರೇ ನಡೆಸುವ ಹಾಗಾಯಿತು. 2016ರಲ್ಲಿ ಬಂದ ಘನತ್ಯಾಜ್ಯ ನಿಯಮಗಳೂ ಕಸ ಆಯುವವರನ್ನು ಹೆಸರಿಟ್ಟು ಹೇಳಿ, ಅವರನ್ನು ಸೇರಿಸಿಕೊಂಡೇ ಕೆಲಸ ನಡೆಸಬೇಕೆಂದವು. ಗುರುತಿನ ಚೀಟಿ ಎಂದರೆ ಏನು ಮಹಾ ಎಂದು ನಿಮಗೆ ಅನಿಸಬಹುದು. ಚೀಲ ಹೊತ್ತು ಬೆಳಗಿನ ಜಾವ ಹೋಗುವವನನ್ನು ಕಳ್ಳನೆಂದು ನಿಲ್ಲಿಸಿದಾಗ ತೋರಿಸಲು ಕೈಯಲ್ಲಿ ಒಂದು ಕಾಗದ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವೆಂದು ನಮ್ಮ ಬಿಕ್ರಿವಾಲನನ್ನು ಕೇಳಿ.

‘ಆಂಟಿ, ಅಮೆರಿಕದಲ್ಲಿ ಹೀಗೆಲ್ಲ ಇಲ್ಲ, ಒಂದು ಡಬ್ಬಕ್ಕೆ ಹಾಕಿದರೆ ಆಯಿತು’ ಎಂದು ಹೋದ ವರ್ಷ ನಿಮ್ಮಲ್ಲೊಬ್ಬರು ಹೇಳಿದ್ದರು. ಹೌದು, ಹಾಕಿದರೆ ಆಯಿತು. ಆದರೆ ಅಲ್ಲಿ ಮಾರಾಟವಾದ ಪೆಟ್ ಬಾಟಲಿಗಳಲ್ಲಿ ವಾಪಸ್ಸು ಸಂಗ್ರಹವಾಗುವುದು ಮೂರರಲ್ಲಿ ಒಂದರಷ್ಟು ಎಂದು ಅಲ್ಲಿನ ಉದ್ಯಮದವರ ಲೆಕ್ಕವೇ ಹೇಳುತ್ತದೆ. ಡಬ್ಬಕ್ಕೆ ಬಿದ್ದದ್ದರಲ್ಲೂ ಬಹಳಷ್ಟು ವರ್ಷಗಟ್ಟಲೆ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. 2018ರ ಆರಂಭದಲ್ಲಿ ಚೀನಾ ಬೇಡವೆಂದು ಬಾಗಿಲು ಹಾಕಿತು. ಅಲ್ಲಿಯೂ ಯಾರದೋ ಕೈ ಇತ್ತು, ದೂರದಲ್ಲಿತ್ತು, ಅಷ್ಟೇ.

ಮನೆಗೆ ಬಂದ ಮೇಲೆ ನಮ್ಮಮ್ಮನ ಅಡುಗೆಮನೆ ಬಹಳ ನೆನಪಾಯಿತು. ಹಾರ್ಲಿಕ್ಸಿನ ಗಾಜಿನ ಬಾಟಲಿ ಖಾಲಿಯಾಗುವುದನ್ನೇ ಕಾಯುತ್ತಿದ್ದಳು. ಒಂದರಲ್ಲಿ ಚಟ್ನಿಪುಡಿ, ಒಂದರಲ್ಲಿ ಬಾಳಕದ ಮೆಣಸಿನಕಾಯಿ. ಅಜ್ಜ ಕಾಶಿಯಿಂದ ತಂದಿದ್ದ ಗಂಗೆ ಮುದ್ರೆ ಹಾಕಿದ ತಾಮ್ರದ ಗಿಂಡಿಯಲ್ಲಿತ್ತು. ನಾನು ಇಲ್ಲಿಂದ ಊರಿಗೆ ಗಂಗೆ ಒಯ್ಯುವುದು ಘಾಟಿನಲ್ಲಿ ಕೊಂಡ ಪ್ಲಾಸ್ಟಿಕ್ ಕ್ಯಾನಿನಲ್ಲಿ. ಅಮ್ಮನ ಕಾಲಕ್ಕೆ ಮರಳಿ ಹೋಗಲು ನನ್ನಿಂದಲೂ ಆಗುವುದಿಲ್ಲ, ನಿಮ್ಮಿಂದಲೂ ಆಗುವುದಿಲ್ಲ. ಆದರೆ ಎಣ್ಣೆ ಕ್ಯಾನನ್ನು ರಾತ್ರಿಯಿಡೀ ಬೋರಲು ಹಾಕಿಟ್ಟು ತಳದ ಎಣ್ಣೆ ಬಸಿದು, ಅಕ್ಕಿ ತೊಳೆದ ನೀರಿನಲ್ಲಿ ಒಂದು ಸಲ ಕುಲುಕಿಡಲು ಎರಡು ನಿಮಿಷ ಸಾಕು. ನೀರಿನ ಬಾಟಲಿಯನ್ನು ಜಜ್ಜಿ, ಮುಚ್ಚಳ ಹಾಕಿಯೇ ಇಡಿ. ತೊಟ್ಟಿಯಲ್ಲಿ ಅದು ತಾನೇ ತೇಲುತ್ತದೆ. ಗಾಜು, ಬ್ಲೇಡು, ಸೂಜಿ ಇವನ್ನು ಹಳೆಯ ಪತ್ರಿಕೆಯಲ್ಲಿ ದಪ್ಪಗೆ ಸುತ್ತಿ, ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದೊಂದು ಗುರುತು ಹಾಕಿ, ಬೇರೆಯೇ ಕೊಡಿ. ನೀಲಿ ಬಕೆಟ್ಟು ಇರಲಿ, ಬಿಕ್ರಿವಾಲ ಒಯ್ಯದ ಪೊಟ್ಟಣ, ಚೂರುಪಾರಿಗೆ ಅದು ಬೇಕೇ ಬೇಕು.

ಈಗ ನಮ್ಮ ಸಂಘದ ಮಾತು. ಕಳೆದ ರಾಜ್ಯೋತ್ಸವದ ಊಟ ನಿಮಗೆ ನೆನಪಿರಬಹುದು. ಲೇಕ್ ಮಾರ್ಕೆಟ್ಟಿನ ಬಾಳೆಲೆ, ಬಿಸಿಬೇಳೆ ಭಾತು, ಕೋಸಂಬರಿ, ಚಿರೋಟಿ, ಎಲ್ಲ ಚೆನ್ನಾಗಿತ್ತು. ಎಲೆಗೊಂದು ನೀರಿನ ಬಾಟಲಿ ಇಟ್ಟಿದ್ದೆವು. ಅರ್ಧ ಕುಡಿದು, ಅರ್ಧ ಬಿಟ್ಟು, ಸಾರು ಮೆತ್ತಿದ ಎಲೆಯ ಜೊತೆಗೇ ಎಲ್ಲವನ್ನೂ ದೊಡ್ಡ ಕಪ್ಪು ಚೀಲಗಳಿಗೆ ತುಂಬಿ ಕಟ್ಟಿದವರು ನೀವೇ, ಯುವ ಘಟಕದವರು. ತುಂಬಿಸಿದವಳು ನಾನು, ‘ಬೇಗ, ಬೇಗ, ಹಾಲ್ ಖಾಲಿ ಮಾಡಬೇಕು’ ಎಂದು ಅವಸರ ಮಾಡಿದ್ದೂ ನಾನೇ. ಆ ಚೀಲಗಳನ್ನು ಎಲ್ಲಿ ಯಾರು ಬಿಚ್ಚಿದರೋ.

ಈ ಸಲ ಸಮಿತಿಯಲ್ಲಿ ಜಗಳವಾಡಿ ಒಪ್ಪಿಸಿದ್ದೇನೆ: ಬಾಟಲಿ ಇಲ್ಲ, ಸ್ಟೀಲ್ ಲೋಟ, ಇಪ್ಪತ್ತು ಲೀಟರಿನ ಜಾರ್. ಲೋಟ ತೊಳೆಯುವವರು ಯಾರು ಎಂದು ಖಜಾಂಚಿಯವರು ಕೇಳಿದರು. ನಾನು ನಿಮ್ಮ ಹೆಸರು ಹೇಳಿಬಿಟ್ಟಿದ್ದೇನೆ, ನನ್ನದೂ ಸೇರಿಸಿ. ಮಕ್ಕಳಿಗೆಂದು ಹೊರಗಿನಿಂದ ಬರುವ ತಂಪು ಪಾನೀಯದ ಬಾಟಲಿಗಳು ಹೇಗೂ ಇರುತ್ತವೆ. ಅವುಗಳಿಗೆ ಅಡುಗೆಮನೆಯ ಬಾಗಿಲ ಹತ್ತಿರ ಬೇರೆ ಗೋಣಿಚೀಲ ಇಟ್ಟಿರುತ್ತೇನೆ. ನಿಮ್ಮ ನಿಮ್ಮ ಮನೆಯಲ್ಲಿ ಕೂಡಿಟ್ಟ ತೊಳೆದ ಕ್ಯಾನು, ಡಬ್ಬಗಳನ್ನೂ ಆ ದಿನ ತನ್ನಿ.

ಬಿಕ್ರಿವಾಲನಿಗೆ ಮೂರು ಗಂಟೆಗೆ ಬರಲು ಹೇಳಿದ್ದೇನೆ. ಊಟಕ್ಕೇ ಬಾ ಎಂದೆ, ಮೊದಲು ಸಂಕೋಚಪಟ್ಟು ಕೊನೆಗೆ ಒಪ್ಪಿದ್ದಾನೆ. ನಿಮ್ಮಲ್ಲಿ ಇಬ್ಬರು ಆತನ ಪಕ್ಕ ಕೂತು, ಬಡಿಸುವುದನ್ನೆಲ್ಲ ಯಾವುದು ಏನೆಂದು ಬಂಗಾಳಿಯಲ್ಲಿ ಹೇಳಬೇಕು. ನನ್ನ ಬಂಗಾಳಿ ಇನ್ನೂ ಆತನಿಗೆ ನಗು ತರಿಸುತ್ತದೆ. ತೂಕ ಮಾಡುವಾಗ ತಕ್ಕಡಿಯ ಹತ್ತಿರ ನಾನೇ ನಿಲ್ಲುತ್ತೇನೆ.